ಹಿತ್ತಾಳೆ ಟೋಕನ್ನಿನ ಲೆಕ್ಕ: ಫೈಲು, ಹುಡುಕಾಟ, ಹಣ — ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಅಂಚೆಯಲ್ಲಿ ಬಂದ ಪತ್ರಗಳು ಹದಿನಾಲ್ಕು. ಮೊಬೈಲಿಗೆ ಬಂದವು ಅದಕ್ಕಿಂತ ಹೆಚ್ಚು. ಕೆಲವರು ಪ್ರಶ್ನೆಯ ಜೊತೆಗೆ ಖಾತೆ ಸಂಖ್ಯೆಯನ್ನೂ ಆಧಾರ್ ಪ್ರತಿಯನ್ನೂ ಇಟ್ಟಿದ್ದಾರೆ. ಒಬ್ಬರಂತೂ ಎಟಿಎಂ ಕಾರ್ಡಿನ ಎರಡೂ ಬದಿಯ ಫೋಟೊ ಕಳುಹಿಸಿದ್ದಾರೆ. ನಾನು ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕುಳಿತು ನಿವೃತ್ತಳಾದವಳು ನಿಜ. ಆದರೂ ದಯವಿಟ್ಟು ನನ್ನನ್ನು ಅಷ್ಟೊಂದು ನಂಬಬೇಡಿ. ಕಾರ್ಡನ್ನು ಕೂಡಲೇ ಬ್ಲಾಕ್ ಮಾಡಿಸಿ ಎಂದು ಆ ಓದುಗರಿಗೆ ಫೋನು ಮಾಡಿ ಹೇಳಿದ್ದಾಯಿತು. ಇನ್ನು ಮುಂದೆ ಈ ಅಂಕಣದಲ್ಲಿ ಪ್ರಶ್ನೆ ಕೇಳಿದವರ ಹೆಸರು ಹಾಕುವುದಿಲ್ಲ, ಊರು ಮಾತ್ರ. ಯಾರ ಖಾತೆಯಲ್ಲಿ ಏನು ತೊಡಕಿದೆ ಎಂಬುದು ಅಚ್ಚಾಗಿ ಹೊರಬಂದರೆ ಮೋಸದ ಫೋನು ಮಾಡುವವರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಪ್ರಶ್ನೆ: ಚಿಕ್ಕಪ್ಪನ ಮಗನ ವಾಟ್ಸ್‌ಆ್ಯಪ್‌ನಿಂದ ಮದುವೆಯ ಕರೆಯೋಲೆ ಬಂತು. ಒತ್ತಿದರೆ ಪತ್ರಿಕೆ ತೆರೆಯಲಿಲ್ಲ; ಅಪರಿಚಿತ ಮೂಲದ ಆ್ಯಪ್ ಹಾಕಿಕೊಳ್ಳಲು ಅನುಮತಿ ಕೊಡುತ್ತೀರಾ ಎಂದು ಫೋನು ಕೇಳಿತು. ಹೆದರಿ ಬಿಟ್ಟುಬಿಟ್ಟೆ. ಅವರ ಮನೆಯಲ್ಲಿ ನಿಜಕ್ಕೂ ಮದುವೆ ಇದೆ. ಈಗ ಏನು ಮಾಡಲಿ?
— ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಉತ್ತರ: ಮದುವೆಗೆ ಹೋಗಿ. ಆ ಕರೆಯೋಲೆಯನ್ನು ಮಾತ್ರ ತೆರೆಯಬೇಡಿ.

ಫೈಲಿನ ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆ, ಚುಕ್ಕೆಯಾದ ಮೇಲೆ ಮೂರೋ ನಾಲ್ಕೋ ಇಂಗ್ಲಿಷ್ ಅಕ್ಷರಗಳು ಇರುತ್ತವೆ. ಅದು ಫೈಲಿನ ಕುಲಗೋತ್ರ. ಪಿಡಿಎಫ್ ಎಂದಿದ್ದರೆ ಓದುವ ಕಾಗದ. ಜೆಪಿಜಿ ಎಂದಿದ್ದರೆ ಫೋಟೊ. ಎಂಪಿ4 ಎಂದಿದ್ದರೆ ವಿಡಿಯೊ. ಡಿಒಸಿಎಕ್ಸ್ ವರ್ಡ್‌ನಲ್ಲಿ ಬರೆದದ್ದು, ಎಕ್ಸ್‌ಎಲ್‌ಎಸ್‌ಎಕ್ಸ್ ಎಕ್ಸೆಲ್ ಲೆಕ್ಕದ ಹಾಳೆ. ಜಿಪ್ ಎಂದರೆ ಹಲವು ಫೈಲುಗಳನ್ನು ಕಟ್ಟಿಟ್ಟ ಗಂಟು. ನಿಮಗೆ ಬಂದದ್ದರ ಕೊನೆಯಲ್ಲಿ ಎಪಿಕೆ ಎಂದಿರಬೇಕು, ನೋಡಿ. ಎಪಿಕೆ ಕಾಗದವೇ ಅಲ್ಲ, ಆಂಡ್ರಾಯ್ಡ್ ಫೋನಿನೊಳಗೆ ಹೊಸ ಆ್ಯಪ್ ಕೂರಿಸುವ ಫೈಲು. ಕರೆಯೋಲೆ ಕೊಡಲು ಬಂದವರು ಜಗುಲಿಯಲ್ಲಿ ಕುಳಿತು ಕಾಫಿ ಕುಡಿದು ಹೋಗುತ್ತಾರೆ. ಇದು ನೇರ ಒಳಕೋಣೆಗೆ ನಡೆದು ಅಲ್ಲೇ ಬಿಡಾರ ಹೂಡುತ್ತದೆ. ಒಳಗೆ ಬಂದ ಮೇಲೆ ಅದು ಮೊದಲು ಕೇಳುವುದು ಎಸ್‌ಎಂಎಸ್ ಓದುವ ಅನುಮತಿಯನ್ನು. ಬ್ಯಾಂಕಿನ ಒಟಿಪಿ ಬರುವುದು ಅಲ್ಲಿಗೇ ಅಲ್ಲವೇ?

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಚೆಕ್ಕು ತಂದವರಿಗೆ ಒಂದು ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ಚೆಕ್ಕು ಒಳಗೆ ಹೋಗಿ, ಲೆಡ್ಜರಿನಲ್ಲಿ ಏರಿ, ಅಧಿಕಾರಿಯ ಸಹಿಯಾಗಿ ಕ್ಯಾಶಿಯರ್ ಬಳಿ ಬಂದಾಗ ಅವರು ನಂಬರು ಕೂಗುತ್ತಿದ್ದರು. ಟೋಕನ್ ಯಾರ ಕೈಯಲ್ಲಿದೆಯೋ ಅವರ ಕೈಗೆ ಹಣ. ಸಂತೆಯ ದಿನ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಕಾಯುತ್ತಿದ್ದ ಅಜ್ಜಿಯರನ್ನು ನೋಡಿದ್ದೇನೆ. ಪಕ್ಕದಲ್ಲಿ ಕುಳಿತವರಿಗೂ ತೋರಿಸುತ್ತಿರಲಿಲ್ಲ. ಒಟಿಪಿ ಅದೇ ಟೋಕನ್. ಎಸ್‌ಎಂಎಸ್ ಓದುವ ಅನುಮತಿ ಕೊಡುವುದೆಂದರೆ ಸೆರಗನ್ನೇ ಬಿಚ್ಚಿಕೊಟ್ಟ ಹಾಗೆ.

ಪರಿಚಿತರಿಂದಲೇ ಏಕೆ ಬಂತು ಎಂದು ನಿಮಗೆ ಅನ್ನಿಸಿರಬಹುದು. ನಿಮ್ಮ ಚಿಕ್ಕಪ್ಪನ ಮಗ ಯಾರೋ ಕಳುಹಿಸಿದ್ದನ್ನು ಒತ್ತಿದ್ದಾರೆ, ಅವರ ಫೋನು ಅಥವಾ ವಾಟ್ಸ್‌ಆ್ಯಪ್ ಬೇರೆಯವರ ಕೈಗೆ ಹೋಗಿದೆ, ಅಲ್ಲಿಂದ ಅವರ ಪಟ್ಟಿಯಲ್ಲಿದ್ದ ಎಲ್ಲರಿಗೂ ಹೋಗಿದೆ. ಅವರಿಗೆ ಸಾಮಾನ್ಯ ಫೋನು ಮಾಡಿ ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಹೇಳಿದರೆ ಓದುವವನು ಬೇರೆಯವನಿರಬಹುದು. ಇದೇ ಎಪಿಕೆ ಸಂಚಾರ ದಂಡದ ಚಲನ್, ಪಿಎಂ ಕಿಸಾನ್, ಬ್ಯಾಂಕಿನ ಕೆವೈಸಿ ಎಂಬ ವೇಷಗಳಲ್ಲಿಯೂ ಬರುತ್ತದೆ. ಆ್ಯಪ್ ಬೇಕಿದ್ದರೆ ಪ್ಲೇ ಸ್ಟೋರಿಗೆ ನೀವಾಗಿ ಹೋಗಿ ತನ್ನಿ, ಮನೆಬಾಗಿಲಿಗೆ ಬಂದದ್ದನ್ನು ಕೊಳ್ಳಬೇಡಿ.

ಈಗಾಗಲೇ ಒತ್ತಿ, ಅನುಮತಿಯನ್ನೂ ಕೊಟ್ಟುಬಿಟ್ಟವರು ಇದ್ದರೆ: ಮೊದಲು ಫೋನಿನ ಇಂಟರ್ನೆಟ್ ಮತ್ತು ವೈಫೈ ಎರಡನ್ನೂ ಆರಿಸಿ. ಬೇರೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ಆನ್‌ಲೈನ್ ವಹಿವಾಟನ್ನು ತಡೆಹಿಡಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಮೇಲೆ ಫೋಟೊಗಳನ್ನೆಲ್ಲ ಬೇರೆ ಕಡೆ ಉಳಿಸಿಕೊಂಡು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ, ಎಂದರೆ ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡಿಸಿ. ಆ್ಯಪ್ ಅಳಿಸಿದರೆ ಸಾಕಲ್ಲವೇ ಎಂದು ಕೇಳುತ್ತಾರೆ. ಇಂಥವುಗಳ ಚಿಹ್ನೆ ಎಷ್ಟೋ ಸಲ ಪರದೆಯ ಮೇಲೆ ಕಾಣುವುದೇ ಇಲ್ಲ, ಏನನ್ನು ಅಳಿಸುತ್ತೀರಿ?

ಕಂಪ್ಯೂಟರ್ ಇಟ್ಟುಕೊಂಡವರಿಗೆ ಒಂದು ಮಾತು. ವಿಂಡೋಸ್ ಈ ಕುಲಗೋತ್ರವನ್ನು ತಾನಾಗಿ ಮರೆಮಾಡಿ ಇಟ್ಟಿರುತ್ತದೆ. ಏಕೆ ಹಾಗೆ ಮಾಡಿದರೋ, ನನಗಂತೂ ಇಷ್ಟವಿಲ್ಲ. ವಿಂಡೋಸ್ 11ರಲ್ಲಿ ಫೋಲ್ಡರ್ ತೆರೆದು ಮೇಲಿರುವ ವ್ಯೂ ಒತ್ತಿ, ಕೆಳಗೆ ಶೋ, ಅದರಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದಕ್ಕೆ ಗುರುತು ಹಾಕಿ. ಆಗ ‘ಬಿಲ್ ಡಾಟ್ ಪಿಡಿಎಫ್’ ಎಂದು ಕಾಣುತ್ತಿದ್ದ ಫೈಲು ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂದು ತನ್ನ ನಿಜವಾದ ಬಾಲವನ್ನು ತೋರಿಸಬಹುದು. ಕೊನೆಯ ಚುಕ್ಕೆಯ ನಂತರ ಇರುವುದೇ ನಿಜ. ಇಎಕ್ಸ್‌ಇ ಎಂದರೆ ಕಂಪ್ಯೂಟರಿನ ಎಪಿಕೆ ಎಂದು ತಿಳಿದುಕೊಳ್ಳಿ.

ಪ್ರಶ್ನೆ: ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ ಸಂಘದ 2004ರ ಸ್ಮರಣ ಸಂಚಿಕೆಯ ಫೈಲು ಸಿಕ್ಕಿದೆ. ಕನ್ನಡದಲ್ಲಿ ಟೈಪು ಮಾಡಿಸಿದ್ದು. ಈಗ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಕೊಂಬು, ಬಾಲ ಎಲ್ಲ ಬಂದು ಯಾವುದೋ ಯುರೋಪಿನ ಭಾಷೆಯಂತೆ ಕಾಣುತ್ತದೆ. ವೈರಸ್ ಇರಬಹುದೇ?
— ನಿವೃತ್ತ ಶಿಕ್ಷಕರು, ಕುಂದಾಪುರ

ಉತ್ತರ: ವೈರಸ್ ಅಲ್ಲ ಸರ್. ಫೈಲು ಸರಿಯಾಗಿಯೇ ಇದೆ, ಅದರ ಕನ್ನಡಕ ಕಳೆದುಹೋಗಿದೆ ಅಷ್ಟೆ.

ಆ ಕಾಲದಲ್ಲಿ ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಟೈಪು ಮಾಡುತ್ತಿದ್ದರು. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಿಗೂ ಕೆಲವು ಯುರೋಪಿಯನ್ ಚಿಹ್ನೆಗಳಿಗೂ ಇದ್ದ ಕೋಣೆಗಳಲ್ಲೇ ಕನ್ನಡದ ಕಾಗುಣಿತದ ತುಂಡುಗಳನ್ನು ಬಾಡಿಗೆಗೆ ಇರಿಸಿದ್ದರು. ತಲಕಟ್ಟು ಒಂದು ಕೋಣೆಯಲ್ಲಿ, ಒತ್ತು ಇನ್ನೊಂದರಲ್ಲಿ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಬಾಗಿಲು ತೆರೆದರೆ ಬಾಡಿಗೆಯವರು ಕಾಣುತ್ತಾರೆ. ಇಲ್ಲದಿದ್ದರೆ ಮೂಲ ಮಾಲೀಕರೇ ಕೊಂಬು ಬಾಲಗಳೊಂದಿಗೆ ಎದುರಿಗೆ ನಿಲ್ಲುತ್ತಾರೆ. ಈಗ ನಾವೆಲ್ಲ ಬಳಸುವ ಯುನಿಕೋಡ್‌ನಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ಮನೆ ಇದೆ, ಆದ್ದರಿಂದ ಮೊಬೈಲಿನಲ್ಲಿ ಬರೆದದ್ದು ಜಗತ್ತಿನ ಯಾವ ಮೂಲೆಯಲ್ಲಿ ತೆರೆದರೂ ಕನ್ನಡವಾಗಿಯೇ ಇರುತ್ತದೆ.

ಮಾಡಬೇಕಾದದ್ದು ಎರಡರಲ್ಲಿ ಒಂದು. ಓದಿದರೆ ಸಾಕು ಎಂದಾದರೆ ಆ ಹಳೆಯ ಫಾಂಟನ್ನು ಕಂಪ್ಯೂಟರಿನಲ್ಲಿ ಹಾಕಿಸಿ, ಪಠ್ಯವನ್ನು ಆಯ್ದು ಆ ಫಾಂಟಿಗೆ ಬದಲಾಯಿಸಿ. ಊರಿನ ಡಿಟಿಪಿ ಕೇಂದ್ರದಲ್ಲಿ ನುಡಿ ಈಗಲೂ ಇರುತ್ತದೆ. ಅವರ ಹೊಟ್ಟೆಪಾಡು ಅದರಲ್ಲೇ. ಮುಂದಿನವರೂ ಓದಬೇಕು, ಮೊಬೈಲಿನಲ್ಲಿ ಹಂಚಬೇಕು ಎಂದಾದರೆ ಯುನಿಕೋಡಿಗೆ ಪರಿವರ್ತಿಸಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮೂಲ ಫೈಲಿನ ಒಂದು ಪ್ರತಿಯನ್ನು ಮುಟ್ಟದೆ ಇಟ್ಟುಕೊಂಡು ಇನ್ನೊಂದರ ಮೇಲೆ ಕೆಲಸ ಮಾಡಿ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ: ‘ಸೂರ್ಯ’, ‘ಕಾರ್ಯದರ್ಶಿ’, ‘ವರ್ಷ’. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂರುತ್ತಿತ್ತು. ಯುನಿಕೋಡಿನಲ್ಲಿ ಉಚ್ಚಾರದಂತೆ ರಕಾರ ಮೊದಲು ಬರುತ್ತದೆ. ಎಡವುವುದು ಅಲ್ಲೇ. ಶಿಕ್ಷಕರ ಕಣ್ಣಿಗೆ ಕೆಂಪು ಶಾಯಿಯ ಕೆಲಸ ಸಿಕ್ಕಿತು ಎಂದು ಸಂತೋಷಪಡಿ.

ಸ್ಮರಣ ಸಂಚಿಕೆಯನ್ನು ಯಾವ ಜಾಲತಾಣದಲ್ಲಿ ಬೇಕಾದರೂ ಹಾಕಿ ಪರಿವರ್ತಿಸಬಹುದು, ಅದು ಎಲ್ಲರೂ ಓದಲೆಂದೇ ಬರೆದದ್ದು. ಆಸ್ತಿಯ ಪಾಲುಪಟ್ಟಿ, ಉಯಿಲು, ಕ್ರಯಪತ್ರ ಇಂಥವನ್ನು ಮಾತ್ರ ಅಪರಿಚಿತ ಜಾಲತಾಣಕ್ಕೆ ಏರಿಸಬೇಡಿ. ಏರಿಸಿದ ಕಾಗದ ಅವರ ಬಳಿಯೂ ಒಂದು ಪ್ರತಿ ಉಳಿಯುತ್ತದೆ ಎಂದೇ ಎಣಿಸಬೇಕು.

ಪ್ರಶ್ನೆ: ಗೂಗಲ್‌ನಲ್ಲಿ ಹುಡುಕುವುದನ್ನು ಕಲಿಸಿ. ಏನು ಕೇಳಿದರೂ ಬೇಡದ್ದೇ ಬರುತ್ತದೆ. ಮತ್ತೆ, ಕಂಪನಿಗಳ ಫೋನು ನಂಬರನ್ನು ಅಲ್ಲಿ ನೋಡಬೇಡಿ ಎಂದು ಮಗಳು ಬೈಯುತ್ತಾಳೆ. ಹಾಗಾದರೆ ಎಲ್ಲಿ ನೋಡಬೇಕು?
— ಗೃಹಿಣಿ, ಹೊನ್ನಾವರ

ಉತ್ತರ: ಮಗಳು ಹೇಳುವುದು ಸರಿ. ಅದಕ್ಕೆ ನಾನೇ ಸಾಕ್ಷಿ.

ಎರಡು ವರ್ಷದ ಹಿಂದೆ ಮೊಮ್ಮಗಳಿಗೆಂದು ಆನ್‌ಲೈನಿನಲ್ಲಿ ₹649ರ ಒಂದು ಫ್ರಾಕು ತರಿಸಿದೆ. ಅಳತೆ ತಪ್ಪಿ ಬಂತು. ವಾಪಸು ಮಾಡಲು ಆ ಅಂಗಡಿಯ ಸಹಾಯವಾಣಿ ಎಂದು ಹುಡುಕಿ, ಎಲ್ಲಕ್ಕಿಂತ ಮೇಲೆ ಕಂಡ ನಂಬರಿಗೆ ಫೋನು ಮಾಡಿದೆ. ಹುಡುಗ ಕನ್ನಡದಲ್ಲೇ ಮಾತನಾಡಿದ. ‘ಅಮ್ಮಾ, ಗಾಬರಿ ಬೇಡ, ಈಗಲೇ ಹಣ ವಾಪಸು ಹಾಕುತ್ತೇನೆ’ ಎಂದ. ಒಲೆಯ ಮೇಲೆ ಕುಕ್ಕರ್ ಇತ್ತು. ಹಣ ಕಳುಹಿಸುವ ಆ್ಯಪ್ ತೆರೆಯಿರಿ ಎಂದ, ತೆರೆದೆ. ಅವನು ಹೇಳಿದ ಐಡಿ ಹಾಕಿದೆ. ‘ರೀಫಂಡ್ ಕೋಡ್ 9900 ಒತ್ತಿ, ಆಮೇಲೆ ಪಿನ್ ಹಾಕಿ’ ಎಂದ. ಒತ್ತಿದೆ, ಹಾಕಿದೆ. ‘ಕೋಡ್ ಸ್ವೀಕಾರವಾಗಲಿಲ್ಲ, 8500 ಒತ್ತಿ’ ಎಂದ. ಅದನ್ನೂ ಒತ್ತಿದೆ. ಮೂರನೆಯ ಕೋಡ್ ಹೇಳುವಷ್ಟರಲ್ಲಿ ಕುಕ್ಕರ್ ಕೂಗಿತು. ಗ್ಯಾಸ್ ಆರಿಸಲು ಎದ್ದುಹೋದವಳು ಬಂದು ಪರದೆ ನೋಡಿದೆ. ಮೂವತ್ತೊಂದು ವರ್ಷ ಬೇರೆಯವರ ಚಲನ್ನಿನಲ್ಲಿ ಅಂಕಿ ಅಕ್ಷರ ಎರಡೂ ತಾಳೆಯಾಗುತ್ತವೆಯೇ ಎಂದು ನೋಡಿದವಳು, ‘ಕೋಡ್’ ಎಂದು ನಾನು ಒತ್ತಿದ ಅಂಕಿಯ ಪಕ್ಕದಲ್ಲಿ ರೂಪಾಯಿಯ ಚಿಹ್ನೆ ಇದ್ದದ್ದನ್ನು ಓದಿರಲಿಲ್ಲ. ಒಟ್ಟು ₹18,400.

ಇಪ್ಪತ್ತೈದು ನಿಮಿಷದೊಳಗೆ 1930ಕ್ಕೆ ಫೋನು ಮಾಡಿದೆ. ಎರಡನೆಯ ಸಲ ಹೋದ ₹8,500 ಇನ್ನೂ ಆ ಕಡೆಯ ಖಾತೆಯಲ್ಲಿತ್ತು, ತಡೆಹಿಡಿದರು; ಏಳು ತಿಂಗಳಾದ ಮೇಲೆ ನ್ಯಾಯಾಲಯದ ಆದೇಶದಿಂದ ಕೈಗೆ ಬಂತು. ಮೊದಲನೆಯದು ಹೋದದ್ದು ಹೋಯಿತು. ‘ನೀನು ಬ್ಯಾಂಕಿನಲ್ಲಿದ್ದವಳು’ ಎಂದು ನಮ್ಮ ಯಜಮಾನರು ಒಂದು ಸಲ ಮಾತ್ರ ಹೇಳಿದರು. ಫ್ರಾಕು ಈಗ ಪಕ್ಕದ ಮನೆಯ ಮಗುವಿನ ಮೈಮೇಲಿದೆ.

ಗೂಗಲ್‌ನಲ್ಲಿ ಮೇಲುಗಡೆ ಬರುವ ಕೆಲವು ಸಾಲುಗಳ ಹತ್ತಿರ ‘ಪ್ರಾಯೋಜಿತ’ ಅಥವಾ ‘ಸ್ಪಾನ್ಸರ್ಡ್’ ಎಂದು ಸಣ್ಣದಾಗಿ ಬರೆದಿರುತ್ತದೆ. ಎಂದರೆ ಹಣ ಕೊಟ್ಟು ಹಾಕಿಸಿದ ಜಾಹೀರಾತು. ಮೋಸಗಾರರೂ ಹಣ ಕೊಡಬಲ್ಲರು. ಅಲ್ಲದೆ ಯಾರು ಬೇಕಾದರೂ ಒಂದು ಪುಟ ಮಾಡಿ ಅದರಲ್ಲಿ ತಮ್ಮ ನಂಬರನ್ನು ‘ಸಹಾಯವಾಣಿ’ ಎಂದು ಬರೆದು ಬಿಡಬಹುದು. ಹುಡುಕುವ ಯಂತ್ರ ಅದನ್ನು ತಂದು ನಿಮ್ಮ ಮುಂದಿಡುತ್ತದೆ, ಸತ್ಯವೇ ಎಂದು ಪೊಲೀಸರಂತೆ ವಿಚಾರಿಸುವುದಿಲ್ಲ. ಬ್ಯಾಂಕಿನ ನಂಬರು ಬೇಕಿದ್ದರೆ ಕಾರ್ಡಿನ ಹಿಂಬದಿಯಲ್ಲಿದೆ, ಪಾಸ್‌ಬುಕ್ಕಿನಲ್ಲಿದೆ. ಗ್ಯಾಸಿನದು ಪುಸ್ತಕದಲ್ಲಿ, ಕರೆಂಟಿನದು ಬಿಲ್ಲಿನಲ್ಲಿ, ಅಂಗಡಿಯದು ಅವರದೇ ಆ್ಯಪಿನೊಳಗೆ ‘ಹೆಲ್ಪ್’ ಎಂಬಲ್ಲಿ. ಕಾಗದದ ಮೇಲೆ ಅಚ್ಚಾದದ್ದನ್ನು ಮೊದಲು ನೋಡುವುದು ಹಳೆಯ ಕಾಲದವರ ಅಭ್ಯಾಸ, ಇಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಇನ್ನು ಹುಡುಕುವ ಬಗೆ. ‘ಅಡಿಕೆಗೆ ಏನೋ ಆಗಿದೆ, ಏನು ಮಾಡಬೇಕು’ ಎಂದು ಕೇಳಿದರೆ ಯಂತ್ರಕ್ಕೂ ತಲೆಬುಡ ತಿಳಿಯುವುದಿಲ್ಲ. ಉತ್ತರ ಬರೆದವರು ಯಾವ ಪದಗಳನ್ನು ಬಳಸಿರುತ್ತಾರೆ ಎಂದು ಊಹಿಸಿ, ಆ ಪದಗಳನ್ನು ಹಾಕಿ: ‘ಅಡಿಕೆ ಕೊಳೆ ರೋಗ ಬೋರ್ಡೋ ದ್ರಾವಣ ಪ್ರಮಾಣ’. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಶೇಕಡಾ 1ರ ಲೆಕ್ಕ ಕೂಡಲೇ ಸಿಗುತ್ತದೆ. ಸಿಕ್ಕಿದ್ದನ್ನು ಯಾರು ಬರೆದಿದ್ದಾರೆ ಎಂದು ನೋಡಿ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪುಟಕ್ಕೂ ಔಷಧ ಮಾರುವವನ ಪುಟಕ್ಕೂ ಒಂದೇ ತೂಕ ಕೊಡಬೇಡಿ. ಸರ್ಕಾರಿ ಪುಟಗಳು ಮಾತ್ರ ಬೇಕೆಂದರೆ, ಬೇಕಾದ ಪದದ ಮುಂದೆ ಒಂದು ಜಾಗ ಬಿಟ್ಟು, ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ನಮ್ಮ ವಿಸರ್ಗದಂತೆ ಎರಡು ಚುಕ್ಕೆ ಇಟ್ಟು, ಅದಕ್ಕೆ ಅಂಟಿಕೊಂಡಂತೆ ‘ಜಿಒವಿ ಡಾಟ್ ಇನ್’ ಎಂದು ಬರೆಯಿರಿ. ಪೂರ್ತಿ ಸಾಲು ಇದ್ದ ಹಾಗೆಯೇ ಬೇಕೆಂದರೆ, ಉದಾಹರಣೆಗೆ ಅರ್ಧ ನೆನಪಿರುವ ಒಂದು ವಚನದ ಸಾಲು, ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಕನ್ನಡದಲ್ಲಿಯೇ ಕೇಳಲು ಸಂಕೋಚ ಬೇಡ. ಕೀಲಿಮಣೆ ಕಷ್ಟವೆಂದರೆ ಮೈಕಿನ ಚಿತ್ರ ಒತ್ತಿ ಬಾಯಲ್ಲೇ ಹೇಳಿ.

ಪ್ರಶ್ನೆ: ಪಹಣಿ ತೆಗೆಯಲು ಹೋದರೆ ಒಂದೇ ಬಗೆಯ ನಾಲ್ಕಾರು ಜಾಲತಾಣಗಳು ಬರುತ್ತವೆ. ನಿಜವಾದದ್ದು ಯಾವುದೆಂದು ತಿಳಿಯುವುದು ಹೇಗೆ? ಬೀಗದ ಚಿತ್ರ ಇದ್ದರೆ ಸಾಕೇ?
— ಕೃಷಿಕ, ಪಾಂಡವಪುರ

ಉತ್ತರ: ಸಾಲದು. ನೀವು ಕಳುಹಿಸುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂಬುದಷ್ಟೇ ಬೀಗದ ಅರ್ಥ. ದಾರಿಯ ಕೊನೆಯಲ್ಲಿ ಕುಳಿತವನು ಕಳ್ಳನೋ ಸಂಭಾವಿತನೋ ಎಂದು ಅದು ಹೇಳುವುದಿಲ್ಲ. ಜನ ಹೀಗೆ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಬೀಗವನ್ನು ತೆಗೆದು ಬೇರೆ ಚಿಹ್ನೆ ಇಟ್ಟಿತು.

ವಿಳಾಸವನ್ನು ಓದಿ. ನಾವು ಕಾಗದದ ಮೇಲೆ ವಿಳಾಸ ಬರೆಯುವಾಗ ಮನೆಯ ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ ಎಂದು ಬರೆಯುತ್ತೇವಲ್ಲ. ಕಾಗದ ಯಾವ ಜಿಲ್ಲೆಗೆ ಹೋಗುತ್ತದೆ ಎಂದು ತಿಳಿಯುವುದು ಕೊನೆಯ ಸಾಲಿನಿಂದ. ಜಾಲತಾಣದ ವಿಳಾಸವೂ ಹಾಗೆಯೇ. ಮೊದಲ ಒಂಟಿ ಓರೆಗೆರೆಯ (/) ತನಕ ಹೋಗಿ ಅಲ್ಲಿಂದ ಹಿಂದಕ್ಕೆ ಓದಿ. ಭೂದಾಖಲೆಯ ತಾಣ ‘ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’. ಹಿಂದಿನಿಂದ ಓದಿದರೆ: ಭಾರತ, ಸರ್ಕಾರ, ಕರ್ನಾಟಕ, ಭೂದಾಖಲೆ. ಜಿಒವಿ ಡಾಟ್ ಇನ್ ಎಂಬ ಬಾಲ ಸರ್ಕಾರಕ್ಕೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ‘ಕರ್ನಾಟಕ-ಜಿಒವಿ-ಇನ್ ಡಾಟ್ ಕಾಂ’ ಎಂದು ಯಾರಾದರೂ ಇಟ್ಟುಕೊಂಡರೆ ನಡುವೆ ಇರುವುದು ಚುಕ್ಕೆಯಲ್ಲ, ಸಣ್ಣ ಗೆರೆ. ಅವನ ಜಿಲ್ಲೆ ‘ಕಾಂ’. ಅದನ್ನು ದುಡ್ಡು ಕೊಟ್ಟ ಯಾರಿಗಾದರೂ ಕೊಡುತ್ತಾರೆ.

ಬ್ಯಾಂಕುಗಳಿಗೂ ಈಗ ಇಂಥದೇ ಬಾಲ ಬಂದಿದೆ. ಬ್ಯಾಂಕುಗಳೆಲ್ಲ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಆ ಹೆಸರುಗಳನ್ನು ನೋಂದಾಯಿಸುವುದು ಹೈದರಾಬಾದಿನಲ್ಲಿರುವ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆಯೊಂದೇ. ನಾನು ಕೆಲಸದಲ್ಲಿದ್ದಾಗಲೇ ಇದು ಬಂದಿದ್ದರೆ ಎಷ್ಟೋ ಜನರಿಗೆ ಸಮಾಧಾನ ಹೇಳುವುದು ತಪ್ಪುತ್ತಿತ್ತು.

ಪ್ರಶ್ನೆ: ಹಳೆಯ ಹೊಲಿಗೆ ಯಂತ್ರ ಮಾರಾಟಕ್ಕಿದೆ ಎಂದು ಹಾಕಿದ್ದೆ. ಸೈನ್ಯದಲ್ಲಿದ್ದೇನೆ ಎಂದವರೊಬ್ಬರು ಚೌಕಾಸಿಯನ್ನೇ ಮಾಡದೆ ಒಪ್ಪಿ, ಹಣ ಪಡೆಯಲು ಕ್ಯೂಆರ್ ಚಿತ್ರ ಕಳುಹಿಸಿದ್ದಾರೆ. ಸ್ಕ್ಯಾನ್ ಮಾಡಲೇ?
— ದರ್ಜಿ, ಗದಗ

ಉತ್ತರ: ಬೇಡ. ಕ್ಯೂಆರ್ ಸ್ಕ್ಯಾನ್ ಮಾಡುವುದು, ಯುಪಿಐ ಪಿನ್ ಒತ್ತುವುದು ಎರಡೂ ಹಣ ಕೊಡುವಾಗಿನ ಕೆಲಸ, ಪಡೆಯುವಾಗಿನದಲ್ಲ. ಬರುವ ಹಣಕ್ಕೆ ನೀವು ಏನನ್ನೂ ಒತ್ತಬೇಕಾಗಿಲ್ಲ. ‘ಇಷ್ಟು ಹಣ ಕೊಡಿ’ ಎಂದು ವ್ಯಕ್ತಿಯೊಬ್ಬರು ಇನ್ನೊಬ್ಬರಿಗೆ ಯುಪಿಐಯಲ್ಲಿ ಕೋರಿಕೆ ಕಳುಹಿಸುವ ಸೌಲಭ್ಯವನ್ನು ಈ ಮೋಸದ ಕಾರಣಕ್ಕೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ, ಕ್ಯೂಆರ್ ಆಟ ಮಾತ್ರ ಉಳಿದಿದೆ. ಹಳೆಯ ಹೊಲಿಗೆ ಯಂತ್ರವನ್ನು ಚೌಕಾಸಿ ಮಾಡದೆ ಕೊಳ್ಳುವ ಗಿರಾಕಿಯನ್ನು ಗದಗದಲ್ಲಿ ಯಾರಾದರೂ ಕಂಡಿದ್ದಾರೆಯೇ?

ಪ್ರಶ್ನೆ: ಆಧಾರ್ ಡೌನ್‌ಲೋಡ್ ಮಾಡಿದೆ, ಎಲ್ಲಿ ಹೋಯಿತೋ ಸಿಗಲಿಲ್ಲ. ಮತ್ತೆ ಮಾಡಿದೆ, ಸಿಕ್ಕಿತು; ತೆರೆದರೆ ಪಾಸ್‌ವರ್ಡ್ ಕೇಳಿತು. ಕೊನೆಗೆ ಜೆರಾಕ್ಸ್ ಅಂಗಡಿಯ ಹುಡುಗ ತನ್ನ ಕಂಪ್ಯೂಟರಿನಲ್ಲಿ ನನ್ನ ವಾಟ್ಸ್‌ಆ್ಯಪ್ ತೆರೆದು ಪ್ರಿಂಟ್ ತೆಗೆದುಕೊಟ್ಟ. ಇದರಲ್ಲಿ ಅಪಾಯ ಇದೆಯೇ?
— ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಡೌನ್‌ಲೋಡ್ ಮಾಡಿದ್ದೆಲ್ಲ ಫೋನಿನ ‘ಫೈಲ್ಸ್’ ಎಂಬ ಆ್ಯಪಿನೊಳಗೆ ‘ಡೌನ್‌ಲೋಡ್ಸ್’ ಎಂಬಲ್ಲಿ ಇರುತ್ತದೆ. ಈಗ ನೋಡಿ, ಅಲ್ಲಿ ನಿಮ್ಮ ಎರಡು ಆಧಾರ್ ಇವೆ. ಪಾಸ್‌ವರ್ಡ್ ಗುಟ್ಟಿನದೇನಲ್ಲ: ಆಧಾರಿನಲ್ಲಿರುವ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು, ಅದಕ್ಕೆ ಅಂಟಿಸಿ ಹುಟ್ಟಿದ ವರ್ಷ.

ಅಪಾಯ ಇರುವುದು ಜೆರಾಕ್ಸ್ ಅಂಗಡಿಯಲ್ಲಿ. ಹುಡುಗ ಒಳ್ಳೆಯವನೇ ಇರಬಹುದು, ಆದರೆ ಆ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸ್‌ಆ್ಯಪ್ ಇನ್ನೂ ತೆರೆದೇ ಇದ್ದರೆ ಮುಂದಿನ ಗಿರಾಕಿಯೂ ನಿಮ್ಮ ಮಾತುಕತೆ ಓದಬಹುದು. ವಾಟ್ಸ್‌ಆ್ಯಪ್‌ನ ಮೂರು ಚುಕ್ಕೆ ಒತ್ತಿ ‘ಲಿಂಕ್ಡ್ ಡಿವೈಸಸ್’ ನೋಡಿ. ನಿಮ್ಮದಲ್ಲದ ಕಂಪ್ಯೂಟರ್ ಅಲ್ಲಿದ್ದರೆ ಅದನ್ನು ಒತ್ತಿ ಲಾಗ್ ಔಟ್ ಮಾಡಿ. ನಮ್ಮೂರಿನ ಪಂಚಾಯಿತಿ ಗ್ರಂಥಾಲಯದ ಅರಿವು ಕೇಂದ್ರದಲ್ಲಿ ಶನಿವಾರ ನಾನು ಪಾಠ ಹೇಳುತ್ತೇನೆ. ಒಂದು ಸಲ ಎಲ್ಲರಿಗೂ ಇದನ್ನು ತೆರೆಸಿದಾಗ ಒಬ್ಬರ ಫೋನಿನಲ್ಲಿ ಮೂರು ಅಂಗಡಿಗಳು ಸಿಕ್ಕವು. ಮುಂದಿನ ಸಲ ಅಂಗಡಿಗೆ ಹೋಗುವಾಗ ಮುಖವಾಡದ ಆಧಾರ್ ಪ್ರತಿ, ಎಂದರೆ ‘ಮಾಸ್ಕ್ಡ್ ಆಧಾರ್’ ತೆಗೆದುಕೊಂಡು ಹೋಗಿ. ಅದರಲ್ಲಿ ಮೊದಲ ಎಂಟು ಅಂಕಿಗಳು ಕಾಣುವುದಿಲ್ಲ.

ಪ್ರಶ್ನೆ: ಆನ್‌ಲೈನ್ ಅಂಗಡಿಯಲ್ಲಿ ಕಾರ್ಡನ್ನು ಉಳಿಸಿಕೊಳ್ಳಲೇ ಎಂದು ಕೇಳುತ್ತದೆ. ಹೌದು ಎನ್ನಬಹುದೇ?
— ಉದ್ಯೋಗಿ, ಬೆಂಗಳೂರು

ಉತ್ತರ: ಮೊದಲಾದರೆ ಖಡಾಖಂಡಿತವಾಗಿ ಬೇಡ ಎನ್ನುತ್ತಿದ್ದೆ. 2022ರ ಅಕ್ಟೋಬರ್ 1ರಿಂದ ಅಂಗಡಿಯವರು ನಿಮ್ಮ ಕಾರ್ಡಿನ ಸಂಖ್ಯೆಯನ್ನೇ ಇಟ್ಟುಕೊಳ್ಳುವಂತಿಲ್ಲ; ಅದರ ಬದಲು ಆ ಅಂಗಡಿಗೆ ಮಾತ್ರ ನಡೆಯುವ ಒಂದು ಸಂಕೇತ ಸಂಖ್ಯೆ ಇರುತ್ತದೆ. ಅದರ ಹೆಸರೇನು ಗೊತ್ತೇ? ಟೋಕನ್! ಓದಿದಾಗ ನಮ್ಮ ಹಿತ್ತಾಳೆಯದು ನೆನಪಾಗಿ ನಗು ಬಂತು. ದಿನಾ ಕೊಳ್ಳುವ ಅಂಗಡಿಗೆ ಹೌದು ಎನ್ನಿ, ಒಂದೇ ಸಲ ಹೋಗುವ ಕಡೆ ಬೇಡ. ಅದಕ್ಕಿಂತ ಮುಖ್ಯವಾದದ್ದು, ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡಿನ ಆನ್‌ಲೈನ್ ಮಿತಿಯನ್ನು ನಿಮ್ಮ ಅಗತ್ಯದಷ್ಟಕ್ಕೆ ಇಳಿಸಿ, ವಿದೇಶಿ ಬಳಕೆಯನ್ನು ಆರಿಸಿಡಿ.

ಪ್ರಶ್ನೆ: ನಾನು ಯಾರಿಗೂ ಒಟಿಪಿ ಹೇಳಿಲ್ಲ, ಏನನ್ನೂ ಒತ್ತಿಲ್ಲ. ಖಾತೆಯಿಂದ ₹23,000 ಹೋಗಿದೆ. ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಶಾಖೆಯಲ್ಲಿ ಹೇಳಿ ಕಳುಹಿಸಿದರು.
— ಹೋಟೆಲ್ ಕಾರ್ಮಿಕ, ಚಿಕ್ಕಮಗಳೂರು

ಉತ್ತರ: ಕೌಂಟರಿನ ಆಚೆ ಕುಳಿತಿದ್ದವಳಾಗಿ ಹೇಳುತ್ತೇನೆ, ಬಾಯಿಮಾತಿಗೆ ಬ್ಯಾಂಕಿನಲ್ಲಿ ಬೆಲೆ ಇಲ್ಲ. ಬರೆದುಕೊಡಿ, ಇನ್ನೊಂದು ಪ್ರತಿಯ ಮೇಲೆ ತಾರೀಖಿನ ಸಮೇತ ಮೊಹರು ಹಾಕಿಸಿಕೊಳ್ಳಿ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಹೇಳಿದ್ದು ಹೀಗೆ. ತಪ್ಪು ಬ್ಯಾಂಕಿನದೂ ಅಲ್ಲ ಗ್ರಾಹಕರದೂ ಅಲ್ಲ, ನಡುವೆ ಬೇರೆಲ್ಲೋ ಆದದ್ದು ಎಂದಾದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟ ಗ್ರಾಹಕರ ಮೇಲೆ ನಷ್ಟ ಬೀಳಬಾರದು. ನಾಲ್ಕರಿಂದ ಏಳು ಕೆಲಸದ ದಿನವಾದರೆ ಒಂದು ಮಿತಿಯವರೆಗೆ ಗ್ರಾಹಕರು ಹೊರಬೇಕು. ದೂರು ಕೊಟ್ಟ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ತೋರಿಸಬೇಕು. ತಪ್ಪು ಗ್ರಾಹಕರದು ಎಂದು ಸಾಬೀತು ಮಾಡುವ ಹೊರೆಯೂ ಬ್ಯಾಂಕಿನದೇ. ಅರ್ಜಿಯಲ್ಲಿ ಈ ಸುತ್ತೋಲೆಯ ತಾರೀಖನ್ನು ಬರೆಯಿರಿ. ತಾರೀಖು ಕಂಡರೆ ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಬೇಗ ಸಾಗುತ್ತದೆ, ಇದು ನನ್ನ ಅನುಭವ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ.

ನನ್ನ ಹಾಗೆ ಸ್ವಂತ ಕೈಯಾರೆ ಪಿನ್ ಒತ್ತಿದವರಿಗೆ ಈ ರಕ್ಷಣೆ ಇಲ್ಲ. ಅವರಿಗೆ 1930 ಮೊದಲ ದಾರಿ, ಅದೂ ಬೇಗ.

ಪ್ರಶ್ನೆ: ಪೊಲೀಸ್ ಸಮವಸ್ತ್ರದಲ್ಲಿದ್ದವರು ವಿಡಿಯೊ ಕರೆ ಮಾಡಿ ಅಮ್ಮನಿಗೆ ‘ಡಿಜಿಟಲ್ ಅರೆಸ್ಟ್’ ಆಗಿದೆ ಎಂದರಂತೆ. ಮತ್ತೆ ಬಂದರೆ?
— ಮೈಸೂರು

ಉತ್ತರ: ಅಂಥ ಬಂಧನ ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಕರೆ ಕಟ್ ಮಾಡಿ, ಬಾಗಿಲು ತೆರೆದು ಪಕ್ಕದ ಮನೆಯವರನ್ನು ಕರೆಯಲು ಅಮ್ಮನಿಗೆ ಹೇಳಿ. ಈ ಮೋಸಗಾರರು ಮೊದಲು ಹಾಕುವ ಷರತ್ತೇ ‘ಯಾರಿಗೂ ಹೇಳಬಾರದು’ ಎಂಬುದು.

ಪ್ರಶ್ನೆ: ನನಗೆ ಮೌಸಿನಲ್ಲಿ ಡಬಲ್ ಕ್ಲಿಕ್ ಬರುವುದೇ ಇಲ್ಲ. ಫೈಲು ತೆರೆಯುವ ಬದಲು ಅದರ ಹೆಸರು ನೀಲಿಯಾಗಿ ಬದಲಾಯಿಸಲು ಕೇಳುತ್ತದೆ. ಮೊಮ್ಮಕ್ಕಳು ನಗುತ್ತಾರೆ.
— ಅಜ್ಜ, ಸಿದ್ದಾಪುರ

ಉತ್ತರ: ಎರಡು ಒತ್ತುಗಳ ನಡುವೆ ನೀವು ಕೊಡುವ ಬಿಡುವು ಹೆಚ್ಚಾಗಿ, ಕಂಪ್ಯೂಟರ್ ಅದನ್ನು ಎರಡು ಬೇರೆ ಒತ್ತುಗಳೆಂದು ತಿಳಿಯುತ್ತಿದೆ. ಹೆಸರು ನೀಲಿಯಾದಾಗ ಎಡಮೂಲೆಯ ಎಸ್ಕೇಪ್ ಕೀಲಿ ಒತ್ತಿದರೆ ಹೆಸರು ಮೊದಲಿನಂತೆಯೇ ಉಳಿಯುತ್ತದೆ. ಮೌಸಿನ ಸೆಟ್ಟಿಂಗ್‌ನಲ್ಲಿ ಡಬಲ್ ಕ್ಲಿಕ್ ವೇಗವನ್ನು ಕಡಿಮೆ ಮಾಡಬಹುದು. ಅದೂ ಬೇಡವೆಂದರೆ ಡಬಲ್ ಕ್ಲಿಕ್ಕನ್ನೇ ಬಿಡಿ. ಒಂದೇ ಸಲ ಒತ್ತಿ, ಫೈಲಿಗೆ ಬಣ್ಣ ಬಂದ ಮೇಲೆ ಕೀಲಿಮಣೆಯ ಎಂಟರ್ ಒತ್ತಿ, ತೆರೆಯುತ್ತದೆ. ಬೆರಳು ನಡುಗುವ ನನ್ನ ಶನಿವಾರದ ವಿದ್ಯಾರ್ಥಿಗಳೆಲ್ಲ ಹಾಗೆಯೇ ಮಾಡುವುದು. ನಾನೂ ಈಗ ಹಾಗೆಯೇ.